ಹನ್ನೊಂದು ಗಂಟೆಯ ಆಂಪಿಯರ್

ನನ್ನ ಹತ್ತಿರ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ಪದವಿ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರುತ್ತದೆ. ಮೈಸೂರಿನಲ್ಲಿ ನಾಲ್ಕು ವರ್ಷ ಓದಿ, ಪ್ರಥಮ ದರ್ಜೆಯಲ್ಲೇ ಪಾಸಾಗಿ, ಆಮೇಲೆ ಒಂದು ದಿನವೂ ತಂತಿ ಮುಟ್ಟದೆ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗ ಸೇರಿಕೊಂಡವನು ನಾನು. ಆಫೀಸು ನವಿ ಮುಂಬಯಿಯಲ್ಲಿ, ಮನೆ ಡೊಂಬಿವಲಿ ಪೂರ್ವದಲ್ಲಿ, ನಡುವೆ ಠಾಣೆಯಲ್ಲಿ ಗಾಡಿ ಬದಲಿಸುವುದು. ಆ ಹತ್ತು ವರ್ಷಗಳ ನನ್ನ ಜೀವನಚರಿತ್ರೆಯನ್ನು ಈ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು, ಒಂದು ದೀಪಾವಳಿ ಇಲ್ಲದಿದ್ದರೆ.

ನಮ್ಮದು ಲಿಫ್ಟಿಲ್ಲದ ಐದು ಮಾಳಿಗೆಯ ಕಟ್ಟಡ, ಇಪ್ಪತ್ತು ಮನೆ. ಹೆಚ್ಚಿನವರೆಲ್ಲ ಮರಾಠಿಗರು, ಕನ್ನಡದ ಮನೆ ನಮ್ಮದೊಂದೇ. ಬಾಗಿಲ ಫಲಕದಲ್ಲಿ ಹೆಸರಿನ ಮುಂದೆ ಬಿ.ಇ. ಎಂದು ದೊಡ್ಡದಾಗಿ ಕೆತ್ತಿಸಿದ್ದೆ. ಅದನ್ನು ಮೊದಲ ಸಲ ನೋಡಿದಾಗ ನನ್ನ ಹೆಂಡತಿ, "ಡಾಕ್ಟರಾದ್ರೆ ಹಾಕ್ಕೋಬೇಕು ಕಣ್ರೀ, ಯಾರಾದ್ರೂ ಕಷ್ಟ ಅಂತ ಬಂದು ಬಾಗಿಲು ತಟ್ತಾರೆ. ನಿಮ್ಮನ್ನ ಯಾರು ಬಂದು ತಟ್ಟಬೇಕು?" ಎಂದು ಕೇಳಿದ್ದಳು. ಆದರೂ ಕಟ್ಟಡದವರು ನನ್ನನ್ನು 'ಎಂಜಿನಿಯರ್ ಸಾಹೇಬ್' ಎಂದೇ ಕರೆಯುತ್ತಿದ್ದರು, ನಾನೂ ಪ್ರತಿ ಸಲ ಅದನ್ನು ಮೊದಲ ಸಲ ಕೇಳಿದವನಂತೆ ಸಂಕೋಚದಿಂದ ನಗುತ್ತಿದ್ದೆ.

ಕಟ್ಟಡದ ನಿಜವಾದ ಎಲೆಕ್ಟ್ರಿಕಲ್ ಎಂಜಿನಿಯರ್ ಬೇರೊಬ್ಬರಿದ್ದರು. ನಮ್ಮ ವೈರ್‌ಮನ್. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಉಡುಪಿ ಕಡೆಯ ಹಳ್ಳಿಯಿಂದ ಹದಿನೈದನೇ ವಯಸ್ಸಿಗೆ ಠಾಣೆಯ ಹೋಟೆಲೊಂದಕ್ಕೆ ಬಂದು, ಮೇಜು ಒರೆಸುತ್ತಾ, ಅಲ್ಲಿ ಫ್ಯಾನು ರಿಪೇರಿಗೆ ಬರುತ್ತಿದ್ದವನ ಹಿಂದೆ ತಿರುಗಿ ಕೆಲಸ ಕಲಿತವರು. ಓದಿದ್ದು ನಾಲ್ಕನೇ ಕ್ಲಾಸು. ನೆಲಮಾಳಿಗೆಯ ಮೀಟರ್ ರೂಮಿನ ಕೀಲಿ ಹದಿನಾಲ್ಕು ವರ್ಷದಿಂದ ಅವರ ಹತ್ತಿರವೇ ಇತ್ತು. ಕಟ್ಟಡದ ಮನೆಯವರ ಸೊಸೈಟಿಯ ಅಧ್ಯಕ್ಷರು ಮೂವರು ಬದಲಾದರು, ಕೀಲಿ ಮಾತ್ರ ಅವರ ಪ್ಯಾಂಟಿನ ಜೇಬಿನಲ್ಲೇ ಉಳಿಯಿತು. ನಮ್ಮ ಮನೆಗೆ ಗೀಜರ್ ಕೂರಿಸಿದವರು ಅವರೇ. ಇಲ್ಲಿ ಕನ್ನಡ ಮಾತಾಡಲು ಸಿಗುವವನು ನಾನೊಬ್ಬನೇ ಎಂದು, ಕಟ್ಟಡದಲ್ಲಿ ಎಲ್ಲಿ ಕೆಲಸವಿದ್ದರೂ ಮುಗಿಸಿ ನಮ್ಮ ಅಡುಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಹೋಗುತ್ತಿದ್ದರು.

ಗಣೇಶನ ಹಬ್ಬ ಮುಗಿದ ವಾರ ಹಾಗೆ ಕಾಫಿ ಕುಡಿಯುತ್ತಾ ಅವರು ವಿಷಯ ತೆಗೆದರು.

"ಸರ್, ಮೀಟರ್ ರೂಮಿನಲ್ಲಿ ಮೇನ್ ಕೇಬಲಿನ ಜಾಯಿಂಟ್ ಬಿಸಿ ಆಗ್ತಾ ಉಂಟು. ಕೆಂಪು ಫೇಸು ಜಾಸ್ತಿ. ದೀಪಾವಳಿ ಒಳಗೆ ಬಿಚ್ಚಿ ಹೊಸತು ಮಾಡ್ಬೇಕು. ಒಂದು ಆದಿತ್ಯವಾರ ಪೂರ್ತಿ ಕರೆಂಟ್ ತೆಗಿಬೇಕಾಗ್ತದೆ. ನಾನು ಹೇಳಿದ್ರೆ ಇವರು ಕೇಳುದಿಲ್ಲ. ನೀವು ಓದಿದವರು, ಕಮಿಟಿಯಲ್ಲಿ ಇದ್ದೀರಿ. ನೀವು ಒಂದು ಮಾತು ಹೇಳಿ."

"ಎಷ್ಟು ಆಂಪಿಯರ್ ಹೋಗ್ತಿದೆ?" ಎಂದು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಹಿಡಿಸಿತು.

"ಅದೆಲ್ಲ ನಂಗೆ ಗೊತ್ತಿಲ್ಲ ಸರ್. ನಾಳೆ ಬೆಳಿಗ್ಗೆ ಆರು ಗಂಟೆಗೆ ಕೆಳಗೆ ಬನ್ನಿ. ಮುಚ್ಚಳಕ್ಕೆ ಕೈ ಇಟ್ಟು ನೋಡಿ. ಗೊತ್ತಾಗ್ತದೆ."

"ಕೈ ಏನು ಮೀಟರ್ರಾ?" ಎಂದು ನಕ್ಕೆ. ಅವರೂ ಮರ್ಯಾದೆಗೆ ನಕ್ಕರು. ಬೆಳಿಗ್ಗೆ ಆರಕ್ಕೆ ನಾನು ಹೋಗುವುದು ಸಾಧ್ಯವಿರಲಿಲ್ಲ, ಏಕೆಂದರೆ ಏಳರ ಒಳಗೆ ನಾನು ಪ್ಲಾಟ್‌ಫಾರ್ಮಿನ ಮೇಲಿರಬೇಕು. ಆರು ಗಂಟೆಗೆ ನಾನು ಬಚ್ಚಲಲ್ಲಿರುತ್ತೇನೆ. ನಮ್ಮ ಗೀಜರ್ ಎರಡು ಸಾವಿರ ವಾಟಿನದು, ಮನೆಗೆ ಬರುವ ವೋಲ್ಟೇಜು ಇನ್ನೂರ ಮೂವತ್ತು. ಭಾಗಿಸಿದರೆ ಎಂಟು ಮುಕ್ಕಾಲು ಆಂಪಿಯರ್ ಹತ್ತಿರ ಬರುತ್ತದೆ. ಅಂದರೆ ಅವರು ಕರೆದ ಹೊತ್ತಿಗೆ ಸರಿಯಾಗಿ, ಆ ಜಾಯಿಂಟಿನ ಮೂಲಕ ಎಂಟು ಮುಕ್ಕಾಲು ಆಂಪಿಯರ್ ಎಳೆಯುತ್ತಾ, ಮೈಗೆ ಸೋಪು ಹಚ್ಚಿಕೊಂಡು ನಾನೇ ನಿಂತಿರುತ್ತಿದ್ದೆ. ಇದು ಆಗ ಹೊಳೆಯಲಿಲ್ಲ. ನಾನು ಮಾಡಿದ್ದು ಏನೆಂದರೆ, ಆಫೀಸಿನ ಮೆಂಟೆನೆನ್ಸ್ ವಿಭಾಗದಿಂದ ಒಂದು ಕ್ಲ್ಯಾಂಪ್ ಮೀಟರ್ ಕೇಳಿ ತಂದೆ. ತಂತಿಯ ಸುತ್ತ ಇಕ್ಕುಳದಂತೆ ಹಿಡಿದರೆ ಒಳಗೆ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತೋರಿಸುವ ಉಪಕರಣ. ಬುಧವಾರ ಒಂದು ರಜೆ ಹಾಕಿದೆ. ಆರಾಮವಾಗಿ ತಿಂಡಿ ತಿಂದು, ಪೇಪರ್ ಓದಿ, ಒಂದು ದಿನದ ಮಟ್ಟಿಗೆ ಅವರಿಂದ ಇಸಿದುಕೊಂಡಿದ್ದ ಕೀಲಿಗೊಂಚಲು ಹಿಡಿದು ಬೆಳಿಗ್ಗೆ ಹನ್ನೊಂದಕ್ಕೆ ಮೀಟರ್ ರೂಮಿಗೆ ಇಳಿದೆ.

ಡೊಂಬಿವಲಿಯಲ್ಲಿ ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಯಾರಿರುತ್ತಾರೆ? ಮುಕ್ಕಾಲು ಊರು ಲೋಕಲ್ ಹತ್ತಿ ಹೋಗಿರುತ್ತದೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಉಳಿದ ಅಜ್ಜಿಯರ ತಲೆಯ ಮೇಲೆ ಒಂದೊಂದು ಫ್ಯಾನು ತಿರುಗುತ್ತಿರುತ್ತದೆ. ಹತ್ತು ವರ್ಷ ಅದೇ ಲೋಕಲಿನಲ್ಲಿ ಬಾಗಿಲಿಗೆ ಜೋತುಬಿದ್ದು ಹೋದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೀಟರಿನ ಕಿಟಕಿಯಲ್ಲಿ ಅಂಕಿ ಮೂಡಿದ್ದೇ ಉಳಿದದ್ದೆಲ್ಲ ಮರೆತುಹೋಯಿತು. ಕಟ್ಟಡಕ್ಕೆ ಕರೆಂಟು ತರುವ ಮೂರು ತಂತಿಗಳಿಗೆ ಕೆಂಪು, ಹಳದಿ, ನೀಲಿ ಫೇಸು ಎಂದು ಹೆಸರು, ಇಪ್ಪತ್ತು ಮನೆಗಳನ್ನು ಅವುಗಳಿಗೆ ಹಂಚಿರುತ್ತಾರೆ. ಕೆಂಪು ಫೇಸಿನಲ್ಲಿ ಹನ್ನೊಂದು ಆಂಪಿಯರ್, ಹಳದಿಯಲ್ಲಿ ಒಂಬತ್ತು, ನೀಲಿಯಲ್ಲಿ ಎಂಟು. ಫ್ಯೂಸು ನೂರು ಆಂಪಿಯರಿನದು. ಜಾಯಿಂಟಿನ ಮುಚ್ಚಳಕ್ಕೆ ಕೈ ಇಟ್ಟೆ. ತಣ್ಣಗಿತ್ತು. ಹೇಗೆ ಹೇಳಲಿ, ನನಗೆ ಬಹಳ ಸಂತೋಷವಾಯಿತು.

ಇಲ್ಲಿ ನನ್ನ ವಿದ್ಯಾಭ್ಯಾಸದ ಬಗ್ಗೆ ಒಂದು ಮಾತು ಹೇಳಬೇಕು. ಕಾಲೇಜಿನ ಲ್ಯಾಬಿನಲ್ಲಿ ಓಮನ ನಿಯಮದ ಪ್ರಯೋಗವಿತ್ತು. ವೋಲ್ಟೇಜು ಏರಿಸುತ್ತಾ ಹೋಗಿ, ಪ್ರತಿ ಸಲ ಕರೆಂಟು ಅಳೆದು ಬರೆದು, ಗ್ರಾಫ್ ಎಳೆದರೆ ನೇರ ಗೆರೆ ಬರಬೇಕು. ನಮ್ಮ ಬ್ಯಾಚು ಒಂದೇ ಒಂದು ರೀಡಿಂಗ್ ತೆಗೆದುಕೊಂಡು, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ರೋಧ ಕಂಡುಹಿಡಿದು, ಉಳಿದ ಒಂಬತ್ತು ರೀಡಿಂಗನ್ನು ಕ್ಯಾಂಟೀನಿನಲ್ಲಿ ಕೂತು ಲೆಕ್ಕ ಹಾಕಿ ತುಂಬಿಸುತ್ತಿತ್ತು. ನನ್ನ ಗ್ರಾಫು ಯಾವಾಗಲೂ ಕೂದಲಿನಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಮೇಷ್ಟ್ರು ಅದನ್ನು ಇತರರಿಗೆ ಎತ್ತಿ ತೋರಿಸಿದ್ದರು. ಪ್ರಥಮ ದರ್ಜೆ ಬಂದದ್ದು ಹೀಗೆ.

ಆ ಬುಧವಾರ ಮಧ್ಯಾಹ್ನವೂ ಹಾಗೆಯೇ ಒಂದು ರೀಡಿಂಗಿನಿಂದ ಒಂದು ಪುಟ ತುಂಬಿಸಿದೆ. ಇನ್ನೂರ ಮೂವತ್ತು ವೋಲ್ಟು ಗುಣಿಸು ಹನ್ನೊಂದು ಆಂಪಿಯರ್, ಎರಡು ಸಾವಿರದ ಐನೂರ ಮೂವತ್ತು ವಾಟ್. ಕೇಬಲ್ ಹೊರಬಲ್ಲದ್ದು ಇಪ್ಪತ್ತಮೂರು ಸಾವಿರ. ಅಂದರೆ ನೂರಕ್ಕೆ ಹನ್ನೊಂದರಷ್ಟು ಮಾತ್ರ ಬಳಕೆ. ಅಷ್ಟಕ್ಕೆ ನಿಲ್ಲಿಸದೆ, ಇನ್ನೂರ ಮೂವತ್ತನ್ನು ಹನ್ನೊಂದರಿಂದ ಭಾಗಿಸಿ ಕೆಂಪು ಫೇಸಿನ ಎಲ್ಲ ಮನೆಗಳ ಒಟ್ಟು ರೋಧ ಇಪ್ಪತ್ತೊಂದು ಓಮ್ ಎಂದೂ ಬರೆದೆ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ, ನೋಡಲು ಚೆನ್ನಾಗಿತ್ತು. ಕೊನೆಯ ಸಾಲು: 'ಕೇಬಲ್ ಮತ್ತು ಜಾಯಿಂಟ್‌ಗಳ ರೋಧವನ್ನು ಸೊನ್ನೆ ಎಂದು ಭಾವಿಸಲಾಗಿದೆ.' ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕು ಕೊಡುತ್ತಿದ್ದರು. ವೈರ್‌ಮನ್ ಹೇಳಿದ್ದು ಪೂರ್ತಿ ಆ ಜಾಯಿಂಟಿನ ವಿಷಯ. ನಾನು ಅದನ್ನೇ ಸೊನ್ನೆ ಮಾಡಿ ಕೂತಿದ್ದೆ.

ಭಾನುವಾರ ಸಂಜೆ ಕಟ್ಟಡದ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸೊಸೈಟಿಯ ಸಭೆ ನಡೆಯಿತು. ಅಧ್ಯಕ್ಷರು ರೈಲ್ವೆಯಿಂದ ನಿವೃತ್ತರಾದ ಮರಾಠಿ ಹಿರಿಯರು, ಎಲ್ಲರಿಗೂ ಕಾಕಾ. ಒಂದು ಭಾನುವಾರವಿಡೀ ಕರೆಂಟಿಲ್ಲ ಎಂದರೆ ನೀರಿನ ಪಂಪಿಲ್ಲ, ಟೀವಿಯಿಲ್ಲ. ಯಾರಿಗೂ ಮನಸ್ಸಿರಲಿಲ್ಲ. ಬೇಡವೆನ್ನಲು ಎಲ್ಲರಿಗೂ ಓದಿದವನೊಬ್ಬನ ಬಾಯಿ ಬೇಕಿತ್ತು. ನನ್ನ ಮರಾಠಿ ತರಕಾರಿ ಕೊಳ್ಳುವಷ್ಟರದ್ದು, ಹಾಗಾಗಿ ನನ್ನ ಭಾಷಣವನ್ನು ಮೊದಲೇ ಬರೆದು ಮಗಳ ಹತ್ತಿರ ತಿದ್ದಿಸಿಕೊಂಡಿದ್ದೆ. ಐದನೇ ಕ್ಲಾಸಿನ ಅವಳು ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಲೆಕ್ಕವನ್ನು ಓದಿದೆ. ಅಂಕಿಗಳಿಗೆ ಜನ ತಲೆದೂಗಿದರು. ಕೊನೆಗೆ ಒಂದು ತಮಾಷೆಯಿರಲಿ ಎಂದು ಸೇರಿಸಿಕೊಂಡಿದ್ದ ವಾಕ್ಯವನ್ನೂ ಓದಿದೆ: "ಹಾ ಮಾಣೂಸ್ ಲೋಕಾಂನಾ ಘಾಬರವೂನ್ ಕಾಮ್ ಕಾಢತೋ."

ಈ ಮನುಷ್ಯ ಜನರನ್ನು ಹೆದರಿಸಿ ಕೆಲಸ ಹುಟ್ಟಿಸಿಕೊಳ್ಳುತ್ತಾನೆ ಎಂದು ಅದರ ಅರ್ಥ. ಎಲ್ಲರೂ ನಕ್ಕರು. ನನ್ನ ಮರಾಠಿಗೆ ಯಾರಾದರೂ ಸರಿಯಾದ ಜಾಗದಲ್ಲಿ ನಕ್ಕಿದ್ದು ಅದೇ ಮೊದಲು. ಆ ಖುಷಿಯಲ್ಲಿ ತಲೆ ಎತ್ತಿ ನೋಡಿದರೆ ಮೆಟ್ಟಿಲ ಬುಡದಲ್ಲಿ, ಏನಾದರೂ ಕೇಳಿದರೆ ಹೇಳೋಣವೆಂದು ಚೀಲ ಹಿಡಿದು, ವೈರ್‌ಮನ್ ನಿಂತಿದ್ದರು. ನಲವತ್ತು ವರ್ಷದಿಂದ ಇಲ್ಲಿರುವವರು, ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ.

ಕಾಕಾ ವೈರ್‌ಮನ್‌ರನ್ನು ಹತ್ತಿರ ಕರೆದು, ಇನ್ನು ಮುಂದೆ ಕೀಲಿ ಎಂಜಿನಿಯರ್ ಸಾಹೇಬರ ಹತ್ತಿರವೇ ಇರಲಿ, ಸೊಸೈಟಿಯ ಕೆಲಸಕ್ಕೆ ಬೇರೆಯವರನ್ನು ನೋಡುತ್ತೇವೆ ಎಂದರು. ಗೊಂಚಲಿನಿಂದ ಆ ಒಂದು ಕೀಲಿಯನ್ನು ಬಿಡಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಿಡಿಸಿ ನನ್ನ ಕೈಗೆ ಕೊಟ್ಟು, "ಬರ್ತೇನೆ ಸರ್" ಎಂದು ಕನ್ನಡದಲ್ಲಿ ಹೇಳಿ ಹೋದರು.

ಮನೆಗೆ ಬಂದಾಗ ಮಗಳು ಆಗಲೇ ತಾಯಿಗೆ ವರದಿ ಒಪ್ಪಿಸಿಯಾಗಿತ್ತು. "ಎಷ್ಟು ವರ್ಷದಿಂದ ಅವ್ರ ಹತ್ರ ಇತ್ತು ಆ ಕೀಲಿ?" ಎಂದು ಕೇಳಿದಳು ಹೆಂಡತಿ.

"ಹದಿನಾಲ್ಕು."

"ನೀವು ಎಷ್ಟು ಹೊತ್ತು ನೋಡಿದ್ರಿ?"

"ಅರ್ಧ ಗಂಟೆ. ಆದ್ರೆ ಮೀಟರ್ ಹಿಡಿದು ನೋಡಿದ್ದು."

ಅವಳು ಕುಕ್ಕರ್ ಇಟ್ಟಳು. ಆ ಮೇಲೆ ವೈರ್‌ಮನ್ ಕಾಫಿಗೆ ಬರಲಿಲ್ಲ. ಸ್ಟೂಲು ಅಡುಗೆಮನೆಯ ಬಾಗಿಲಲ್ಲೇ ಇತ್ತು, ನಾನೇ ಎರಡು ಸಲ ಎಡವಿದೆ. ತಪ್ಪು ಮಾಡಿದೆನೆಂದು ನನಗೆ ಅನ್ನಿಸಿತ್ತೆ? ಆ ತಮಾಷೆಯ ಮಾತು ಹೆಚ್ಚಾಯಿತು ಎಂದು ಅನ್ನಿಸಿತ್ತು. ಆದರೆ ಲೆಕ್ಕ ಸರಿಯಿದೆಯಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ನನ್ನ ಸಹಿಯಿರುವ ಆ ಹಾಳೆ ನೋಟಿಸ್ ಬೋರ್ಡಿನ ಮೇಲೆ ದೀಪಾವಳಿಯವರೆಗೂ ಇತ್ತು. ಇಳಿಯುವಾಗ ಹತ್ತುವಾಗ ಅದನ್ನು ಓದುತ್ತಿದ್ದವನು ನಾನೊಬ್ಬನೇ.

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಊರಿನಲ್ಲಾದರೆ ಹಂಡೆ ತೊಳೆದು, ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ ನೀರು ತುಂಬಿಸಿ ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಹಂಡೆಯ ಸ್ಥಾನದಲ್ಲಿ ಗೀಜರ್ ಇತ್ತು. ಹೆಂಡತಿ ಅದಕ್ಕೇ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಬಾಲ್ಕನಿಯ ಮನಿಪ್ಲಾಂಟಿನಿಂದ ಒಂದು ಬಳ್ಳಿ ಕಿತ್ತು ಸುತ್ತಿದಳು. ನಾನು ಆರತಿ ಹಿಡಿದೆ. ಎರಡು ಸಾವಿರ ವಾಟಿನ ದೇವರು ಕೆಂಪು ದೀಪ ಬೆಳಗಿಸಿ ನಮ್ಮನ್ನು ನೋಡುತ್ತಿತ್ತು.

ಈಗ ನನ್ನ ದಡ್ಡತನದ ಆಳ ನೋಡಿ. ನಮಗೆ ಮಾತ್ರವಲ್ಲ, ಮರಾಠಿಗರಿಗೂ ಆ ದಿನ ಎಣ್ಣೆ ಸ್ನಾನ ಆಗಲೇಬೇಕು, ಅದೂ ಸೂರ್ಯ ಹುಟ್ಟುವ ಮೊದಲು. ಉಳಿದ ದಿನ ಒಬ್ಬರು ಐದಕ್ಕೆ, ಒಬ್ಬರು ಏಳಕ್ಕೆ, ಒಬ್ಬರು ಗಾಡಿ ತಪ್ಪುತ್ತದೆಂದು ಸ್ನಾನವನ್ನೇ ತಪ್ಪಿಸಿ ಹೋಗುತ್ತಾರೆ. ಆ ಒಂದು ದಿನ ಮಾತ್ರ ಇಪ್ಪತ್ತು ಮನೆಯಲ್ಲೂ ಬೆಳಗಿನ ನಾಲ್ಕೂವರೆಗೆ ಗೀಜರ್ ಹಾಕುತ್ತಾರೆ, ಮನೆಯ ಕೊನೆಯ ತಲೆ ತೊಳೆಯುವವರೆಗೂ ಆರಿಸುವುದಿಲ್ಲ. ಪ್ರಪಂಚದಲ್ಲಿ ಬೇರೆ ಯಾವ ಎಂಜಿನಿಯರಿಗೆ ಗೊತ್ತಿಲ್ಲದಿದ್ದರೂ ಇದು ನನಗೆ ಗೊತ್ತಿರಬೇಕಿತ್ತು, ಗೀಜರಿಗೆ ಆರತಿ ಎತ್ತಿದವನು ನಾನು.

ಬೆಳಗಿನ ಐದಕ್ಕೆ, ಹೆಂಡತಿ ನೆತ್ತಿಗೆ ಎಣ್ಣೆ ತಟ್ಟಿ, ನಾನು ಮೈಗೆಲ್ಲ ಹಚ್ಚಿಕೊಂಡು, ಟವೆಲು ಸುತ್ತಿ ಮಣೆಯ ಮೇಲೆ ಕೂತಿದ್ದೆ. ಟವೆಲಿಗೆ ಜೇಬಿಲ್ಲವೆಂದು ಮೀಟರ್ ರೂಮಿನ ಕೀಲಿಯನ್ನು ಜನಿವಾರಕ್ಕೆ ಗಂಟು ಹಾಕಿಕೊಂಡಿದ್ದೆ. ಜವಾಬ್ದಾರಿ ನೋಡಿ. ಆಗ ಮನೆಯ ದೀಪಗಳೆಲ್ಲ ಒಮ್ಮೆ ಮಂಕಾಗಿ, ಆರಿದವು.

"ಲೋಡ್ ಶೆಡ್ಡಿಂಗ್," ಎಂದೆ ತಜ್ಞನಂತೆ. "ಹಬ್ಬದ ದಿನವೂ ಬಿಡಲ್ಲ ಇವರು."

ಬಾಲ್ಕನಿಯಿಂದ ಮಗಳು ಕೂಗಿದಳು. "ಬಾಬಾ, ಸಮೋರ್ ಲಾಯಿಟ್ ಆಹೇ." ಎದುರಿನ ಕಟ್ಟಡದಲ್ಲಿ ಕರೆಂಟಿತ್ತು, ಆಕಾಶಬುಟ್ಟಿಗಳೆಲ್ಲ ಉರಿಯುತ್ತಿದ್ದವು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ರಬ್ಬರು ಸುಟ್ಟ ವಾಸನೆ ಬಂತು. ಮರುಕ್ಷಣ ಯಾರೋ ನಮ್ಮ ಬಾಗಿಲು ಬಡಿಯತೊಡಗಿದರು. ಕೊನೆಗೂ ಬಿ.ಇ. ನೋಡಿ ಬಾಗಿಲು ತಟ್ಟುವವರು ಬಂದಿದ್ದರು.

ಟವೆಲಿನಲ್ಲೇ ಮೂರು ಮಾಳಿಗೆ ಇಳಿದೆ. ಮೀಟರ್ ರೂಮಿನ ಬಾಗಿಲಡಿಯಿಂದ ಹೊಗೆ ಬರುತ್ತಿತ್ತು. ಕೀಲಿ ಜನಿವಾರದಲ್ಲಿ, ಗಂಟು ಎಣ್ಣೆಯಲ್ಲಿ. ಬಿಚ್ಚಲು ಬರಲಿಲ್ಲ. ಕಡೆಗೆ ಬಾಗಿಲಿಗೆ ಎದೆಯೊತ್ತಿ, ಮಂಡಿ ಬಗ್ಗಿಸಿ, ಹಣೆಯನ್ನು ಮರಕ್ಕೆ ತಾಗಿಸಿಕೊಂಡು ಬೀಗ ತೆರೆದೆ. ಹಿಂದಿನಿಂದ ನೋಡಿದವರಿಗೆ ನಾನು ಬಾಗಿಲಿಗೆ ಮುತ್ತಿಡುತ್ತಿದ್ದಂತೆ ಕಂಡಿರಬೇಕು. ಒಳಗೆ ಕೆಂಪು ಫೇಸಿನ ಜಾಯಿಂಟು ಕಿಡಿ ಕಾರುತ್ತಿತ್ತು. ನಾನು ನೋಡುತ್ತಾ ನಿಂತೆ. ಕಾಕಾ ನನ್ನ ಹೆಗಲ ಮೇಲಿಂದ ಒಣಗಿದ ಬಿದಿರು ಕೋಲೊಂದನ್ನು ಚಾಚಿ ಮೇನ್ ಸ್ವಿಚ್ಚು ಕೆಳಗೆಳೆದರು. ಕಟ್ಟಡವೆಲ್ಲ ಕತ್ತಲಾಯಿತು. ಬೆಂಕಿ ಹತ್ತಲಿಲ್ಲ, ಅದು ಕಾಕಾನ ಪುಣ್ಯ.

ಟಾರ್ಚು ಹಿಡಿದು ಮೆಟ್ಟಿಲ ಮೇಲೆ ಇಪ್ಪತ್ತು ಮನೆಯವರೂ ನಿಂತಿದ್ದರು. ಎಲ್ಲರ ಮೈಮೇಲೆ ಎಣ್ಣೆ, ಮುಖಕ್ಕೆ ಸುವಾಸನೆಯ ಉಟಣೆಯ ಪುಡಿ. ಹಬ್ಬದ ಸ್ನಾನಕ್ಕೆ ಮೊದಲು ಹೊಸಿಲು ದಾಟಬಾರದೆನ್ನುವ ಅಜ್ಜಿಯೂ ದಾಟಿ ಬಂದಿದ್ದರು. "ಆತಾ ಕಾಯ್, ಎಂಜಿನಿಯರ್ ಸಾಹೇಬ್?" ಎಂದು ಕೇಳಿದರು ಕಾಕಾ. ಈಗೇನು ಮಾಡೋಣ ಎಂದು. ಯಾರೋ ತಂದುಕೊಟ್ಟ ಟೆಸ್ಟರ್ ಹಿಡಿಯಲು ಹೋದೆ, ಎಣ್ಣೆಯ ಕೈಯಿಂದ ಅದು ಜಾರಿ ಕೆಳಗುರುಳಿತು. ಹೊಸದಾಗಿ ಗೊತ್ತುಮಾಡಿದ್ದ ವೈರ್‌ಮನ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಹಳಬರನ್ನು ಕರೆಯೋಣ ಎಂದು ಯಾರೋ ಅಂದರು. ಯಾರು ಹೋಗುವುದು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು.

ಎಣ್ಣೆಯ ಮೈಮೇಲೆ ಅಂಗಿ ಪೈಜಾಮ ಏರಿಸಿ, ಸ್ಟೇಷನ್ನಿನ ಸೇತುವೆ ದಾಟಿ ಪಶ್ಚಿಮಕ್ಕೆ ಹೋದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದಾರಿಯುದ್ದಕ್ಕೂ ಏನು ಹೇಳುವುದೆಂದು ಯೋಚಿಸಿದೆ. ಅವರದು ಸಾಲುಮನೆಗಳ ಚಾಳಿನಲ್ಲಿ ಒಂದೂವರೆ ಕೋಣೆಯ ಮನೆ. ಅವರು ಆಗಲೇ ಸ್ನಾನ ಮುಗಿಸಿ, ಹೊಸ ಅಂಗಿ ತೊಟ್ಟು, ಬೆಲ್ಲದ ಅವಲಕ್ಕಿ ತಿನ್ನುತ್ತಾ ಕೂತಿದ್ದರು. ಗ್ಯಾಸಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಇನ್ನೂ ಹಬೆಯಾಡುತ್ತಿತ್ತು. ಆ ಮನೆಯಲ್ಲಿ ಗೀಜರ್ ಇರಲಿಲ್ಲ.

ನನ್ನ ತಲೆಯಿಂದ ಇಳಿಯುತ್ತಿದ್ದ ಎಣ್ಣೆ ನೋಡಿ ತಟ್ಟೆ ಕೆಳಗಿಟ್ಟರು. "ಯಾರಿಗಾದ್ರೂ ಎಂತಾದ್ರೂ ಆಯ್ತಾ?"

"ಇಲ್ಲ."

"ಕೆಂಪಾ?"

"ಕೆಂಪು."

ಎದ್ದು ಚೀಲ ತೆಗೆದುಕೊಂಡರು. ಹಬ್ಬದ ದಿನ ಬಂದವರು ಹಾಗೇ ಹೋಗಬಾರದೆಂದು ಅವರ ಹೆಂಡತಿ ನನ್ನ ಕೈಗೂ ಒಂದು ತಟ್ಟೆ ಅವಲಕ್ಕಿ ಕೊಟ್ಟರು. ನಿಂತೇ ತಿಂದೆ. ಸೇತುವೆಯ ಮೇಲೆ ಅವರು ಮುಂದೆ, ನಾನು ಹಿಂದೆ. ಬೈದಿದ್ದರೆ ಬದುಕಿದೆ ಅನ್ನಿಸುತ್ತಿತ್ತು. ಅವರು ಬೈಯಲಿಲ್ಲ, ಕೇಬಲ್ ಎಷ್ಟು ಉದ್ದ ಸುಟ್ಟಿದೆ ಎಂದಷ್ಟೇ ಕೇಳಿದರು.

ಮೀಟರ್ ರೂಮಿನಲ್ಲಿ ಮೊದಲು ಕೆಂಪು ಫೇಸನ್ನು ಬೇರ್ಪಡಿಸಿದರು. ಆಮೇಲೆ, "ಸರ್, ನಿಮ್ಮ ಆ ಮೀಟರ್ ಉಂಟಾ?" ಎಂದರು. ಇತ್ತು, ಆಫೀಸಿಗೆ ವಾಪಸು ಕೊಡುವುದನ್ನು ಮರೆತಿದ್ದೆ. ತಂದೆ. ಉಳಿದ ಎರಡು ಫೇಸಿಗೆ ಮೇನ್ ಸ್ವಿಚ್ಚು ಏರಿಸಿದರು. ಯಾರೂ ಗೀಜರ್ ಆರಿಸಿರಲಿಲ್ಲವಾದ್ದರಿಂದ ಆ ಮನೆಗಳದ್ದೆಲ್ಲ ಒಟ್ಟಿಗೆ ಹತ್ತಿಕೊಂಡವು. "ಈಗ ಹಳದಿಗೆ ಹಿಡೀರಿ. ಇದೂ ಬಿಸಿಯೇ. ಕೆಂಪಿನಷ್ಟು ಇಲ್ಲ."

ಹಿಡಿದೆ. ಐವತ್ತೆರಡು ಆಂಪಿಯರ್. ಬುಧವಾರ ಹನ್ನೊಂದಕ್ಕೆ ಒಂಬತ್ತು ಇದ್ದ ತಂತಿ ಅದು. ಅದೇ ಮೀಟರಿನ ವೋಲ್ಟು ಅಳೆಯುವ ಎರಡು ಮೊನೆಗಳನ್ನು ಜಾಯಿಂಟಿನ ಎರಡು ಬದಿಗೆ ಅವರೇ ಜೋಪಾನವಾಗಿ ತಾಗಿಸಿದರು. ಎರಡು ಪಾಯಿಂಟ್ ಆರು ವೋಲ್ಟು. ಜೇಬಿನಿಂದ ಪೆನ್ಸಿಲು ತೆಗೆದು ನನಗೆ ಕೊಟ್ಟು, "ಲೆಕ್ಕ ಮಾಡಿ ಸರ್" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜವಾಗಿ ತಿಳಿಯಬೇಕಿತ್ತು.

ಗೋಡೆಯ ಸುಣ್ಣದ ಮೇಲೆ ಬರೆದೆ. ಎರಡು ಪಾಯಿಂಟ್ ಆರನ್ನು ಐವತ್ತೆರಡರಿಂದ ಭಾಗಿಸಿದರೆ ಒಂದು ಓಮ್‌ನ ಇಪ್ಪತ್ತನೇ ಒಂದು ಭಾಗ. ನಾನು ಸೊನ್ನೆಯೆಂದು ಭಾವಿಸಿದ್ದು ಇದನ್ನೇ. ಅದೇ ಎರಡು ಅಂಕಿಯನ್ನು ಗುಣಿಸಿದರೆ ನೂರ ಮೂವತ್ತೈದು ವಾಟ್. ಹೆಬ್ಬೆರಳಷ್ಟು ದಪ್ಪದ ಜಾಯಿಂಟಿನೊಳಗೆ ಐದು ಸೋಲ್ಡರಿಂಗ್ ಕಡ್ಡಿ ಒಟ್ಟಿಗೆ ಕಾಯುತ್ತಿದ್ದಂತೆ. ಇದು ಪರವಾಗಿಲ್ಲ ಎನ್ನುವ ಹಳದಿಯ ಕಥೆ, ಸುಟ್ಟುಹೋದ ಕೆಂಪಿನಲ್ಲಿ ಎಷ್ಟಿತ್ತೋ ಅಳೆಯಲು ಏನೂ ಉಳಿದಿರಲಿಲ್ಲ.

"ನೂರ ಮೂವತ್ತೈದು," ಎಂದೆ.

"ಹೌದಾ," ಎಂದು ಅವರು ಗೋಡೆಯನ್ನೇ ನೋಡಿದರು. "ನಂಗೆ ಬಿಸಿ ಅಂತ ಮಾತ್ರ ಗೊತ್ತಿತ್ತು ಸರ್. ಎಷ್ಟು ಬಿಸಿ ಅಂತ ಹೇಳ್ಲಿಕ್ಕೆ ಬರ್ತಿದ್ರೆ ಅವತ್ತೇ ಹೇಳ್ತಿದ್ದೆ."

ನನಗೆ ನಾಚಿಕೆಯಾಯಿತು. ಅವರು ನನ್ನ ಹತ್ತಿರ ಬಂದದ್ದೇ ಅದಕ್ಕೆ. ಬಿಸಿಯನ್ನು ಅಂಕಿಯಾಗಿ ಬರೆದು ಕೊಡುವ ಕೆಲಸವೊಂದನ್ನು ನನ್ನಿಂದ ಕೇಳಿದ್ದರು, ನಾಲ್ಕು ವರ್ಷ ಓದಿದ್ದರಲ್ಲಿ ನನಗೆ ಬರುತ್ತಿದ್ದ ಒಂದೇ ಕೆಲಸ.

ಮತ್ತೆ ಮೇನ್ ಆರಿಸಿ, ಸುಟ್ಟ ಭಾಗ ಕತ್ತರಿಸಿ ಮೂರೂ ಜಾಯಿಂಟನ್ನು ಹೊಸದಾಗಿ ಕೂರಿಸುವಷ್ಟರಲ್ಲಿ ಎಂಟು ಗಂಟೆಯಾಗಿತ್ತು. ಆ ಒಳಕೋಣೆಗೆ ಬಿಸಿಲು ತಲುಪುವುದಿಲ್ಲ, ಮಗಳು ಟಾರ್ಚು ಹಿಡಿದು ನಿಂತಿದ್ದಳು. ಸೂರ್ಯ ಯಾವಾಗಲೋ ಹುಟ್ಟಿಯಾಗಿತ್ತು, ಇಪ್ಪತ್ತು ಮನೆಯೂ ಎಣ್ಣೆಯಲ್ಲೇ ಇತ್ತು. ಸ್ವಿಚ್ಚು ಏರಿಸಿದಾಗ ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕಾಕಾ ನನ್ನ ಬೆನ್ನಿಗೂ ಒಂದು ತಟ್ಟಿ, ಗೋಡೆಯ ಮೇಲಿನ ಲೆಕ್ಕ ತೋರಿಸಿ, ಎಂಜಿನಿಯರ್ ಸಾಹೇಬರೂ ಇದ್ದದ್ದರಿಂದ ಆಯಿತು ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಕೂಡ.

ಆಮೇಲೆ ವೈರ್‌ಮನ್ ಹತ್ತಿರ ಸರಿದು ಮೆಲ್ಲನೆ ಹೇಳಿದೆ. "ತಪ್ಪು ನಂದು. ಅವತ್ತು ಸಭೇಲಿ ಹಾಗೆ ಮಾತಾಡಬಾರದಿತ್ತು. ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ."

ಅವರು ಚೀಲದೊಳಗೆ ಪಕ್ಕಡು, ಟೇಪು ಎಲ್ಲ ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಮರಾಠಿಯಲ್ಲಿ ಹೇಳಿ ಸರ್. ಅವತ್ತು ಹೇಳಿದ್ದು ಮರಾಠಿಯಲ್ಲಿ ಅಲ್ವಾ."

ಇಪ್ಪತ್ತು ಮನೆಗೂ ಅರ್ಥವಾಗಲೆಂದು ಒಂದು ಭಾಷೆಯಲ್ಲಿ ಅವಮಾನ ಮಾಡಿ, ಯಾರಿಗೂ ತಿಳಿಯದಿರಲೆಂದು ಇನ್ನೊಂದು ಭಾಷೆಯಲ್ಲಿ ಕ್ಷಮೆ ಕೇಳುತ್ತಿದ್ದೆ. ಅದು ನನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಮೆಟ್ಟಿಲ ಕಡೆ ತಿರುಗಿದೆ. ಈ ಸಲ ಬರೆದುಕೊಂಡ ಹಾಳೆ ಇರಲಿಲ್ಲ. ನಾನು ಹನ್ನೊಂದು ಗಂಟೆಗೆ ನೋಡಿದೆ, ಇವರು ಆರು ಗಂಟೆಗೆ ಬಾ ಎಂದಿದ್ದರು, ನಾನು ಬರಲಿಲ್ಲ. ಇವರು ಹೇಳಿದ್ದು ನಿಜ. ಹೆದರಿಸಲಿಕ್ಕೆ ಹೇಳಿದ್ದಲ್ಲ. ನಾನು ಹೇಳಿದ್ದು ಸುಳ್ಳು. ತರಕಾರಿ ಕೊಳ್ಳುವ ಮರಾಠಿಯಲ್ಲಿ ಇಷ್ಟನ್ನು ಹೇಳಲು ಬಹಳ ಹೊತ್ತು ಬೇಕಾಯಿತು, ನಡುವೆ ಹಿಂದಿಯೂ ಬಂತು, ವ್ಯಾಕರಣವೆಲ್ಲ ತಲೆಕೆಳಗಾಯಿತು. ನನ್ನ ಮರಾಠಿಯ ಒಂದು ತಪ್ಪನ್ನೂ ಬಿಡದೆ ತಿದ್ದುವ ಮಗಳು ಟಾರ್ಚು ಹಿಡಿದು ಪಕ್ಕದಲ್ಲೇ ಇದ್ದಳು. ಒಂದು ಮಾತನ್ನೂ ತಿದ್ದಲಿಲ್ಲ. ಯಾರೂ ನಗಲೂ ಇಲ್ಲ.

ಕಾಕಾ ಗಂಟಲು ಸರಿಮಾಡಿಕೊಂಡು, ಕೀಲಿ ಕೊಟ್ಟುಬಿಡಿ ಎಂದರು.

ಅಂಗಿಯ ಗುಂಡಿ ಬಿಚ್ಚಿ ಜನಿವಾರ ಹೊರಗೆಳೆದೆ. ಗಂಟು ಬಿಚ್ಚಲು ನೋಡಿದೆ, ಬೆರಳು ಜಾರಿತು. ಹಲ್ಲಿನಿಂದ ನೋಡಿದೆ. ಅದೂ ಆಗಲಿಲ್ಲ. ಆಗ ವೈರ್‌ಮನ್ ತಾವೇ ಚೀಲ ಕೆಳಗಿಟ್ಟು, ಹೊಸ ಅಂಗಿಗೆ ನನ್ನ ಎಣ್ಣೆ ತಾಗುವಷ್ಟು ಹತ್ತಿರ ಬಂದು, ನನ್ನ ಎದೆಯ ಮೇಲೆ ಬಗ್ಗಿದರು. ಮಗಳು ಟಾರ್ಚನ್ನು ಆ ಕಡೆ ತಿರುಗಿಸಿದಳು. ಅಷ್ಟೂ ಜನ ನೋಡುತ್ತಿದ್ದರು, ನಾನು ಕೈ ಇಳಿಬಿಟ್ಟು ನಿಂತಿದ್ದೆ.

"ತುಂಬಾ ಗಟ್ಟಿ ಗಂಟು ಹಾಕಿದ್ದೀರಿ ಸರ್," ಎಂದರು ಅವರು, ದಾರ ಹರಿಯದಂತೆ ಉಗುರಿನಿಂದ ನಿಧಾನವಾಗಿ ಬಿಡಿಸುತ್ತಾ.